ದೇಸೂರಿನ ಕಿಟಕಿಯ ಮೀನು

ನಬೀಸಾಬ ಟೇಲರನ ಗಾಳಕ್ಕೆ ಮೀನು ಸಿಕ್ಕಿದ್ದು ಕಡಿಮೆ, ಕೇಳುಗರು ಸಿಕ್ಕಿದ್ದು ಬಹಳ. ಮನೆ ಬೆಳಗಾವಿಯ ಅನಗೋಳದ ಓಣಿಯಲ್ಲಿ, ಅಂಗಡಿ ಟಿಳಕವಾಡಿಯಲ್ಲಿ. ವಾರವಿಡೀ ಸಾಲೆ ಹುಡುಗರ ಚಡ್ಡಿಯನ್ನೂ ಬ್ಯಾಂಕಿನವರ ಪ್ಯಾಂಟನ್ನೂ ಹೊಲಿಯುವ ಬಡಪಾಯಿ. ಆದರೆ ರವಿವಾರ ಬೆಳಿಗ್ಗೆ ಗಾಳದ ಕೋಲು ಹೆಗಲಿಗೇರಿಸಿ, ಕಣಕದ ಉಂಡೆಯ ಡಬ್ಬಿ ಚೀಲಕ್ಕೆ ಹಾಕಿ ಖಾನಾಪುರದ ಗಾಡಿ ಹತ್ತಿದನೆಂದರೆ ಅವನು ಬೇರೆಯೇ ಪುರುಷ. ಟೇಪು ಹಿಡಿದು ಮಂದಿಯ ಸೊಂಟ ಅಳೆಯುವಾಗ ಅರ್ಧ ಇಂಚೂ ತಪ್ಪದವನು, ಮೀನಿನ ಉದ್ದ ತೋರಿಸುವಾಗ ಕೈಗಳನ್ನು ಎಷ್ಟು ಅಗಲಿಸುತ್ತಿದ್ದನೆಂದರೆ ಬಾಜೂಕ ಕುಳಿತ ಪ್ರಯಾಣಿಕರು ತಲೆ ತಗ್ಗಿಸಬೇಕಾಗುತ್ತಿತ್ತು.

ಈ ಪರಾಕ್ರಮಕ್ಕೆ ಒಬ್ಬ ಖಾಯಂ ಪ್ರೇಕ್ಷಕನಿದ್ದ. ಅವನು ದೇಸೂರಿನ ಬೀರಣ್ಣ. ಅಪ್ಪ ಅಜ್ಜ ಕುರಿ ಕಾಯ್ದವರು. ಇವನು ರೈಲ್ವೆಯಲ್ಲಿ ಹಳಿ ರಿಪೇರಿಯ ಗ್ಯಾಂಗಿಗೆ ಸೇರಿ ಪಗಾರ ಕಂಡವನು. ಖಾನಾಪುರದ ಸೇತುವೆಯ ಕೆಳಗೆ ಮಲಪ್ರಭೆಯ ದಂಡೆಯಲ್ಲಿ ಈ ಇಬ್ಬರೂ ಒಂದೇ ಬಂಡೆಯ ಮೇಲೆ ಕೂತು ವರ್ಷಗಟ್ಟಲೆ ನೀರು ನೋಡಿದ್ದರು. ಆಮೇಲೆ ಬೀರಣ್ಣನ ಕಾಲಿನ ಮೇಲೆ ಹಳಿ ಬಿತ್ತು. ನೌಕರಿ ಮುಗಿಯಿತು, ಕೈಗೆ ಊರುಗೋಲು ಬಂತು, ದಂಡೆಯ ಇಳಿಜಾರು ಅವನ ಪಾಲಿಗೆ ಮುಚ್ಚಿತು. ಅಂದಿನಿಂದ ರವಿವಾರ ಸಂಜೆ ಅವನು ಕೈಚೀಲ ಹಿಡಿದು ದೇಸೂರ ಸ್ಟೇಶನ್ನಿಗೆ ಬರುತ್ತಿದ್ದ. ಖಾನಾಪುರದಿಂದ ಬರುವ ಪ್ಯಾಸೆಂಜರ್ ಗಾಡಿಯ ಕಿಟಕಿಯಿಂದ ನಬೀಸಾಬ ಅವನಿಗೊಂದು ಮೀನು ಕೊಡುತ್ತಿದ್ದ. ಗಾಡಿ ಅಲ್ಲಿ ನಿಲ್ಲುವುದೇ ಕೆಮ್ಮಿ ಮುಗಿಸುವಷ್ಟು ಹೊತ್ತು. ಅಷ್ಟರಲ್ಲಿ ಮೀನನ್ನೂ ಅದರ ಚರಿತ್ರೆಯನ್ನೂ ದಾಟಿಸಬೇಕು. ಮೀನು ಹೇಗೋ ದಾಟುತ್ತಿತ್ತು. ಚರಿತ್ರೆ ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ನಡೆಯುತ್ತಿತ್ತು.

ಈ ಪುರಾಣದಲ್ಲಿ ಒಂದೇ ಒಂದು ದೋಷವಿತ್ತು. ಮಲಪ್ರಭೆಗೆ ಇದು ಗೊತ್ತಿರಲಿಲ್ಲ. ಅವಳು ಹೆಚ್ಚಿನ ರವಿವಾರಗಳಲ್ಲಿ ಟೇಲರನ ಕಣಕ ತಿಂದು ಬರಿ ಕೊಕ್ಕೆ ವಾಪಸು ಕೊಡುತ್ತಿದ್ದಳು. ಮೊದಲ ಸಲ ಹಾಗಾದಾಗ ನಬೀಸಾಬ ಖಾಲಿ ಕೈಯಲ್ಲೇ ಬಂದಿದ್ದ. ಬೀರಣ್ಣ ಒಂದೊಂದೇ ಕಿಟಕಿ ಇಣುಕುತ್ತಾ ಕುಂಟುತ್ತಾ ಬಂದು, ಸುದ್ದಿ ಕೇಳಿ, “ಇರಲಿ ಬಿಡೋ” ಎಂದು ಕೈಚೀಲವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡಿದ್ದ. ಆ ಮಡಚುವಿಕೆ ನಬೀಸಾಬನಿಗೆ ರಾತ್ರಿ ನಿದ್ದೆ ಕೊಡಲಿಲ್ಲ. ಮುಂದಿನ ವಾರದಿಂದ ಅವನು ಗಾಡಿಯ ಹೊತ್ತಿಗೆ ಮುಂಚೆ ಖಾನಾಪುರದ ಬಜಾರಿಗೆ ಹೋಗತೊಡಗಿದ. ಅಲ್ಲಿ ಮೀನು ಮಾರುವ ಮಾಯಕ್ಕ ಅವನನ್ನು ಕಂಡ ಕೂಡಲೇ ತಕ್ಕಡಿ ಎತ್ತುತ್ತಿದ್ದಳು.

“ಬರ್ರಿ ಟೇಲರ್ ಮಾಮಾ, ಇವತ್ತ ಹೊಳಿಯಾಗ ಎಷ್ಟ ದೊಡ್ಡದು ಬಿತ್ರಿ?”

“ನೀ ತೂಕಾ ಹಾಕವಾ ಮೊದಲ. ಆಮ್ಯಾಲ ಹೇಳ್ತೇನಿ.”

ಹೀಗೆ ಎಲ್ಲರೂ ಸುಖವಾಗಿದ್ದಾಗ ಸರಕಾರ ನಡುವೆ ಬಂತು.

ಇಸವಿ ಎರಡು ಸಾವಿರ. ಮಳೆಗಾಲ ಮುಗಿದು ಹೊಳೆ ತಿಳಿಯಾಗುವಷ್ಟರಲ್ಲಿ ಸೇತುವೆಯ ಬಳಿ ಒಂದು ಫಲಕ ನಿಂತಿತು. ಹವ್ಯಾಸಕ್ಕಾಗಿ ಗಾಳ ಹಾಕುವವರು ದಿನಕ್ಕೆ ತಲಾ ಎರಡು ಮೀನು ಮಾತ್ರ ಹಿಡಿಯತಕ್ಕದ್ದು. ಹಿಡಿದದ್ದನ್ನು ಕಾವಲುಗಾರನಿಗೆ ತೋರಿಸಿ, ಲೆಕ್ಕದ ಗುರುತಿಗಾಗಿ ಅದರ ಬಾಲದ ತುದಿ ಕತ್ತರಿಸಿಕೊಳ್ಳತಕ್ಕದ್ದು. ಫಲಕದ ಕೆಳಗೆ ಒಂದು ಮೇಜು, ಮೇಜಿನ ಹಿಂದೆ ಕಾವಲುಗಾರ ಹಣಮಪ್ಪ, ಹಣಮಪ್ಪನ ಕೈಯಲ್ಲಿ ಹಿಂದಿನ ಜನ್ಮದಲ್ಲಿ ತಗಡು ಕತ್ತರಿಸಿದ್ದ ಒಂದು ಮೊಂಡ ಕತ್ತರಿ. ಅವನು ಕತ್ತರಿಸಿದ ಬಾಲ ಇಲಿ ಕಡಿದ ರೊಟ್ಟಿಯಂತೆ ಕಾಣುತ್ತಿತ್ತು.

ಗಾಳದ ವೀರರೆಲ್ಲ ಸೇತುವೆಯ ಚಹಾದಂಗಡಿಯಲ್ಲಿ ಸಭೆ ಸೇರಿದರು. ಬೆಳಗಾವಿಯಿಂದ ಬರುವ ಸೈಕಲ್ ಅಂಗಡಿಯ ಬಾಳೇಶ ಮೇಜು ಗುದ್ದಿದ. ಖಾನಾಪುರದವನೇ ಆದ, ಹಂಚಿನ ವ್ಯಾಪಾರದ ಗಜಾನನ ಎರಡು ಬೆರಳೆತ್ತಿ ತೋರಿಸಿ, “ಅರೇ ದೇವಾ, ದೋನ್? ಫಕ್ತ ದೋನ್? ನಮ್ಮ ಮನಿ ಬೆಕ್ಕಿಗೂ ಸಾಲಂಗಿಲ್ಲರೀ” ಎಂದ. ಎಲ್ಲರಿಗಿಂತ ಜೋರಾಗಿ ಗುಡುಗಿದವನು ನಬೀಸಾಬ. “ಇದು ನಮ್ಮ ಮಾನದ ಪ್ರಶ್ನೆ! ಇವತ್ತ ಮೀನಿನ ಬಾಲಾ ಕತ್ತರಸ್ತಾರ, ನಾಳೆ ನಮ್ಮ ಮೂಗು!”

ಎರಡರ ಮಿತಿ ಅವನನ್ನು ಏನೂ ಮಾಡುತ್ತಿರಲಿಲ್ಲ. ಆ ಮಿತಿಯನ್ನು ಅವನು ಮುಟ್ಟಿದ್ದು ಯಾವಾಗ ಎಂದು ಅವನಿಗೇ ನೆನಪಿರಲಿಲ್ಲ. ಎದೆಗೆ ನಾಟಿದ್ದು ಕತ್ತರಿ. ಹೊಳೆಯ ಮೀನಿಗೆ ಬಾಲ ಮೋಟು, ಬಜಾರಿನ ಮೀನಿಗೆ ಬಾಲ ಪೂರ್ತಿ. ಈ ಕಾಯ್ದೆಯ ಸುದ್ದಿ ರೈಲಿನಲ್ಲಿ ಹತ್ತಿ ದೇಸೂರಿನಲ್ಲಿ ಆಗಲೇ ಇಳಿದಾಗಿತ್ತು.

ಮೊದಲ ರವಿವಾರವೇ ಬೀರಣ್ಣ ಮೀನನ್ನು ತಿರುವಿ ನೋಡಿದ. “ಟೇಲರಾ, ಇದರ ಬಾಲಾ ಪೂರಾ ಐತೆಲ್ಲೋ?”

“ಹಣಮಪ್ಪ ಚಾ ಕುಡಿಯಾಕ ಹೋಗಿದ್ದಾ.”

ಎರಡನೆಯ ವಾರ ನಬೀಸಾಬ ಹಣಮಪ್ಪನಿಗೆ ಜ್ವರ ಬರಿಸಿದ. ಮೂರನೆಯ ವಾರ ಅವನ ಅತ್ತೆಯನ್ನು ಸಾಯಿಸಿದ. ಹೀಗೇ ನಡೆದರೆ ಹಣಮಪ್ಪನ ವಂಶ ನಿರ್ವಂಶವಾಗುವುದು ಖಂಡಿತವಿತ್ತು. ಆದ್ದರಿಂದ ಹೋರಾಟವೊಂದೇ ದಾರಿ.

ಒಂದು ಸೋಮವಾರ ಗಾಳದವರು ಬೆಳಗಾವಿಯ ಮೀನುಗಾರಿಕೆ ಕಚೇರಿಯ ಮುಂದೆ ಕೋಲು ಹಿಡಿದು ಧರಣಿ ಕೂತರು. ಧರಣಿಯಲ್ಲಿ ಗಾಳದವರನ್ನು ಮೀರಿಸುವವರಿಲ್ಲ. ಮಾತಿಲ್ಲದೆ, ಅಲುಗಾಡದೆ, ಏನೂ ಸಿಗದೆ ದಿನವಿಡೀ ಕೂಡುವುದೇ ಅವರ ವಿದ್ಯೆ. ತೊಂದರೆಯೆಂದರೆ, ಅವರು ಅಲ್ಲಿ ಕೂತಿದ್ದಾರೆಂದು ಮಧ್ಯಾಹ್ನದವರೆಗೆ ಯಾರಿಗೂ ಗೊತ್ತಾಗಲಿಲ್ಲ. ಊಟ ಮುಗಿಸಿ ಬಂದ ಜವಾನ ಬಾಳೇಶನ ಕೋಲಿಗೆ ಎಡವಿ ಬಿದ್ದ ಮೇಲೆಯೇ ಸರಕಾರದ ಗಮನ ಸೆಳೆಯಲು ಸಾಧ್ಯವಾದದ್ದು.

ಸಾಹೇಬರು ಒಳಗೆ ಕರೆದರು. ಅಷ್ಟರಲ್ಲಿ ಕೋಲೂರುತ್ತಾ ಇನ್ನೊಬ್ಬನೂ ಬಂದು ಬಾಗಿಲ ಬಳಿ ನಿಂತ. ಬೀರಣ್ಣ! ಗೆಳೆಯನ ಹೋರಾಟಕ್ಕೆ ಬಲ ತುಂಬಲು ದೇಸೂರಿನಿಂದ ಗಾಡಿ ಹತ್ತಿ ಬಂದಿದ್ದ. ನಬೀಸಾಬನಿಗೆ ಎದೆ ತುಂಬಿತು, ಕೂಡಲೇ ಪೂರ್ತಿ ಬಾಲಗಳೆಲ್ಲ ನೆನಪಾದವು.

ಸಾಹೇಬರ ಮುಖ ನೋಡಿ ಎಲ್ಲರೂ ಇನ್ನಷ್ಟು ಕಂಗಾಲಾದರು. ಹೋದ ಬೇಸಿಗೆಯಲ್ಲಿ ಹೊಳೆಯ ದಂಡೆಗೆ ಬಂದು, ಎಲ್ಲರಿಗೂ ಚಹಾ ಕುಡಿಸಿ, ‘ಒಂದು ರವಿವಾರಕ್ಕ ಎಷ್ಟು ಮೀನು ಹಿಡೀತೀರಿ?’ ಎಂದು ಸಹಜವಾಗಿ ಕೇಳಿದ್ದ ಸೌಮ್ಯ ಮನುಷ್ಯ ಇವರೇ.

“ಕುಂದರ್ರಿ” ಎಂದರು ಸಾಹೇಬರು. “ಬಾಳೇಶ ಅವರ, ನೀವು ಅವತ್ತ ಎಂಟು ಅಂದ್ರಿ. ಅದನ್ನ ಕೇಳಿ ಗಜಾನನರಾವ್ ಹತ್ತು ಅಂದ್ರು. ಟೇಲರ್ ಸಾಹೇಬರು ಕಡೀಕ ಬಂದು, ಗಾಳಿ ಇಲ್ಲದ ದಿನಾ ಹದಿನೈದು, ಅದೂ ಸಣ್ಣೂ ಬಿಟ್ಟು, ಅಂದ್ರು. ನಾವು ಎಲ್ಲಾ ಕೂಡಿಸಿ ನೋಡಿದ್ವಿ. ಹಿಂಗಾದರ ಹೊಳ್ಯಾಗ ನೀರೊಂದ ಉಳೀತೈತಿ. ಅದಕ್ಕ ಈ ಮಿತಿ. ಅಷ್ಟ ಹಿಡಿಯೂದಿಲ್ಲ, ಸುಮ್ನ ಹೇಳಿದ್ವಿ ಅಂದ್ರ ಈಗ ಹೇಳ್ರಿ. ಫಲಕಾ, ಕತ್ತರಿ ಎಲ್ಲಾ ನಾಳೇನ ತಗಸ್ತೇನಿ.”

ಬಿಡುಗಡೆ ಇಷ್ಟು ಸುಲಭವೆಂದು ಯಾರೂ ಎಣಿಸಿರಲಿಲ್ಲ, ಇಷ್ಟು ಕಷ್ಟವೆಂದೂ ಎಣಿಸಿರಲಿಲ್ಲ. ಬಾಳೇಶ ಫ್ಯಾನಿನ ರೆಕ್ಕೆ ನೋಡತೊಡಗಿದ. ಗಜಾನನ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳಲು ಹೊರಟ. ಅವನ ಕಾಲಲ್ಲಿ ಇದ್ದದ್ದು ಚಪ್ಪಲಿ. ಇಡೀ ಗಾಳದ ಕುಲದಲ್ಲಿ ‘ನಮಗೆ ಮೀನು ಬೀಳುವುದಿಲ್ಲ’ ಎಂಬ ಮಾತಾಡುವ ನಾಲಿಗೆ ಅಂದು ಹುಟ್ಟಬೇಕಿತ್ತು.

ನಬೀಸಾಬ ಎದ್ದ. ಕತ್ತರಿ ಹೋಗಬೇಕಾದರೆ ಸತ್ಯ ಹೇಳಬೇಕು. ಕತ್ತರಿ ಹೋಗಬೇಕಾದದ್ದೇ ಸತ್ಯ ಹೊರಬೀಳಬಾರದೆಂದು. ಇಂಥ ಇಕ್ಕಟ್ಟಿಗೆ ಸಿಕ್ಕ ಯೋಧ ಇನ್ನೊಬ್ಬನಿರಲಿಕ್ಕಿಲ್ಲ. ಬೀರಣ್ಣನ ಕಡೆ ನೋಡದೆ, ಗೋಡೆಯ ಕ್ಯಾಲೆಂಡರಿಗೆ ಹೇಳಿದ: “ಹದಿನೈದ ಸುಳ್ಳರೀ ಸಾಹೇಬರ. ಒಂದು ಬಿದ್ದರ ಹಬ್ಬಾ. ಎಷ್ಟೋ ವಾರ ಒಂದೂ ಇಲ್ಲರಿ.”

ಸಾಹೇಬರು ನಕ್ಕರು. “ಮಿತಿ ಬಂದ ಮ್ಯಾಲ ಎಲ್ಲಾರೂ ಹಿಂಗ ಹೇಳ್ತಾರ ಬಿಡ್ರಿ. ಯಾರರೆ ಸಾಕ್ಷಿ ಅದಾರೇನ?”

ಬಾಗಿಲ ಬಳಿ ಕೋಲು ನೆಲಕ್ಕೆ ಬಡಿಯಿತು.

“ಇಂವಾ ಸುಳ್ಳ ಹೇಳ್ತಾನ್ರೀ ಸಾಹೇಬರ!” ಎಂದ ಬೀರಣ್ಣ. “ನಾ ಸಾಕ್ಷಿ ಅದೇನಿ. ನನ್ನ ಕಾಲ ಮುರದಾಗಿಂದ ಒಂದ ರವಿವಾರ ಬಿಟ್ಟು ಒಂದೂ ತಪ್ಪಿಲ್ರಿ. ದೇಸೂರ ಸ್ಟೇಶನ್ನಿನ್ಯಾಗ ಈ ಕೈಲೆ ಹಿಡದೇನಿ, ಈ ಬಾಯಿಲೆ ತಿಂದೇನಿ. ಇಂಥಾ ಗಾಳದ ಮನಶಾ ಈ ಜಿಲ್ಲಾದಾಗ ಇಲ್ಲರೀ!”

ಈ ಜಯಘೋಷದೊಂದಿಗೆ ಹೋರಾಟ ಪ್ರಾಣ ಬಿಟ್ಟಿತು. ಸಾಹೇಬರು ಕೈಮುಗಿದು, ಮಿತಿ ಮುಂದುವರಿಯುತ್ತದೆಂದು ಹೇಳಿ, ಎಲ್ಲರಿಗೂ ಮತ್ತೊಮ್ಮೆ ಚಹಾ ತರಿಸಿದರು. ಈ ಸಲ ಯಾರೂ ಬಾಯಿ ಬಿಡಲಿಲ್ಲ.

ಹೊರಗೆ ಬಾಳೇಶ ಹಲ್ಲು ಕಡಿದ. “ಬೀರಣ್ಣ ಕಾಕಾ, ನೀವು ಯಾರ ಪಾರ್ಟಿ ಅಂತೇನಿ?”

“ನನ್ನ ಗೆಳ್ಯಾನ ಮರ್ಯಾದಿ ಕಳದು ಬರೂದಾದರ ನಿಮ್ಮ ಹೊಳಿ ನನಗ ಬ್ಯಾಡಪಾ” ಎಂದ ಬೀರಣ್ಣ, ದೊಡ್ಡ ಕೆಲಸ ಮಾಡಿದವನ ಗತ್ತಿನಲ್ಲಿ. ನಬೀಸಾಬ ಅವನನ್ನು ಅಪ್ಪಿಕೊಳ್ಳಬೇಕೋ ಕುತ್ತಿಗೆ ಹಿಚುಕಬೇಕೋ ತಿಳಿಯದೆ, ಎರಡಕ್ಕೂ ಸಿದ್ಧವಾಗಿದ್ದ ಕೈಗಳನ್ನು ಜೇಬಿಗೆ ಹಾಕಿಕೊಂಡ.

ಮನೆಯಲ್ಲಿ ಅವನು ಎರಡು ದಿನ ಸರಕಾರವನ್ನು, ಒಂದು ದಿನ ಹೊಳೆಯನ್ನು, ಉಳಿದ ದಿನ ಬೇಳೆಯ ಉಪ್ಪನ್ನು ಬೈದ. ಹೆಂಡತಿ ಸಾಯಿರಾ ಶನಿವಾರದವರೆಗೆ ಸಹಿಸಿದಳು. ಮಾಯಕ್ಕನ ವ್ಯವಹಾರ ಅವಳಿಗೆ ಗೊತ್ತಿತ್ತು. ಮನೆಖರ್ಚಿನ ಲೆಕ್ಕ ಅವಳದು.

“ಹುಟ್ಟಿದಾಗಿಂದ ಕತ್ತರಿ ಹಿಡಿದ ಮನಶಾರು ನೀವು” ಎಂದಳು. “ಒಂದು ಮೀನಿನ ಬಾಲಕ್ಕ ಇಷ್ಟ ಅಳ್ತೀರಲ್ಲರೀ. ಶರಮ್, ನಾಚಿಕಿ ಬರಂಗಿಲ್ಲ?”

ನಬೀಸಾಬ ಹೆಂಡತಿಯನ್ನು ನೋಡಿದ. ಆಮೇಲೆ ಗೂಟಕ್ಕೆ ನೇತಾಡುವ ಹನ್ನೊಂದು ಇಂಚಿನ ಕತ್ತರಿಯನ್ನು ನೋಡಿದ.

ಮರುದಿನ ಮಾಯಕ್ಕನ ಬುಟ್ಟಿಯ ಮುಂದೆ ಅವನು ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ಕತ್ತರಿಸಿದ. ಅಭ್ಯಾಸಬಲದಿಂದ ಹೊಲಿಗೆಗೆಂದು ಅರ್ಧ ಇಂಚು ಬಿಟ್ಟೇ ಕತ್ತರಿಸಿದ. ಮಾಯಕ್ಕ ಸೆರಗು ಬಾಯಿಗಿಟ್ಟುಕೊಂಡು, “ಮಾಮಾ, ಕಾಜಾ ಗುಂಡೀನೂ ಹಾಕಿಬಿಡ್ರಿ” ಎಂದಳು. ಸಂಜೆ ದೇಸೂರಿನಲ್ಲಿ ಬೀರಣ್ಣ ಆ ಬಾಲದ ಮೇಲೆ ಬೆರಳಾಡಿಸಿ ತಲೆದೂಗಿದ. “ಆಹಾ, ಹಣಮಪ್ಪನ ಕೈ ಏನ್ ಕುಂತೈತೋ!” ಮುಂದೆ ಅನೇಕ ವಾರ ಹಣಮಪ್ಪನ ಕಲೆಯ ಗುಣಗಾನ ನಡೆಯಿತು, ನಬೀಸಾಬ ಮುಖ ಗಂಟಿಕ್ಕಿಕೊಂಡು ಕೇಳಿದ. ತನ್ನ ಕಸುಬಿನ ಕೀರ್ತಿ ಒಬ್ಬ ಮೊಂಡ ಕತ್ತರಿಯವನಿಗೆ ಹೋಗುವುದನ್ನು ಯಾವ ಟೇಲರ್ ತಾನೇ ಸಹಿಸಿಯಾನು?

ಆಮೇಲೆ ಒಂದು ಚಳಿಯ ರವಿವಾರ, ಮಲಪ್ರಭೆ ತನ್ನ ಹಳೆಯ ಪದ್ಧತಿ ಮರೆತಳು. ಗಾಳದ ಬೆಂಡು ಮುಳುಗಿತು. ಕೋಲು ಬಿಲ್ಲಾಯಿತು. ನಬೀಸಾಬ ಸೊಂಟದವರೆಗೆ ನೀರಿಗಿಳಿದ, ಒಂದು ಚಪ್ಪಲಿ ಮಲಪ್ರಭೆಗೆ ಅರ್ಪಿಸಿದ, ಅಲ್ಲಾನನ್ನೂ ಹೊಳೆಯವ್ವನನ್ನೂ ಒಂದೇ ಉಸಿರಿನಲ್ಲಿ ಕರೆದ. ಕಡೆಗೆ ದಂಡೆಯ ಮೇಲೆ ಬಿದ್ದು ಹೊರಳಿದ್ದು ಒಂದು ಕಾಟ್ಲಾ ಮೀನು, ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ! ಗಜಾನನ ಬಾಯಿ ತೆರೆದವನು ಮುಚ್ಚಲಿಲ್ಲ. ನಬೀಸಾಬ ರಾಜಗಾಂಭೀರ್ಯದಿಂದ ಅದನ್ನು ಹಣಮಪ್ಪನ ಮೇಜಿನ ಮೇಲಿಟ್ಟು, “ಹೂಂ, ಕತ್ತರಸು” ಎಂದ. ಹಣಮಪ್ಪ ಜಗ್ಗಾಡಿ, ಹರಿದು, ಬಾಲವನ್ನು ಚಿಂದಿ ಮಾಡಿ ಕೊಟ್ಟ.

ಆ ದಿನ ಮಾಯಕ್ಕನ ಅಂಗಡಿಯ ಮುಂದಿನಿಂದ ಅವನು ಬೇಕಂತಲೇ ಸುತ್ತಿ ಬಂದ, ಒಂದೇ ಚಪ್ಪಲಿಯಲ್ಲಿ.

ದೇಸೂರಿನಲ್ಲಿ ಗಾಡಿ ನಿಂತಿತು. ಬೀರಣ್ಣ ಮೀನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಾಲ ನೋಡಿ, ಮುಖ ಹಿಂಡಿದ.

“ಇದೇನೋ ಇದು? ಯಾರ ಕತ್ತರಸ್ಯಾರೋ?”

“ಹಣಮಪ್ಪನೋ! ಖರೇ ಹೊಳಿ ಮೀನ ಇದು. ಸೊಂಟದ ಮಟಾ ನೀರಾಗ ಇಳದೇನಿ, ನೋಡ ಪ್ಯಾಂಟ ಹಸೀ ಐತಿ!”

“ಹೊಳಿ ಮೀನ ಅಂದ್ರ ಹೋದವಾರದ್ದು. ಏನ್ ಸಾಪ್ ಕಟಿಂಗ್ ಅದು! ಇದು ಬಜಾರದ್ದ ಬಿಡೋ.”

ಗಾಡಿ ಹೊರಟಿತು. ನಬೀಸಾಬನ ಸಹನೆಯೂ ಹೊರಟಿತು. ಕಿಟಕಿಯ ಸರಳಿಗೆ ಮುಖ ಒತ್ತಿ, ಇಷ್ಟು ವರ್ಷ ಕಾಪಾಡಿದ ರಹಸ್ಯವನ್ನು ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಕೂಗಿದ: “ಏ ಬೀರಣ್ಣಾ! ಅವೆಲ್ಲಾ ಬಜಾರದ್ವೋ! ಮಾಯಕ್ಕನ ಕಡಿಂದ ತಂದದ್ದೋ! ಇದೊಂದ ಖರೇದ್ದೋ!”

ಬೀರಣ್ಣ ಗಾಡಿಯ ಜತೆ ನಾಲ್ಕು ಹೆಜ್ಜೆ ಕುಂಟಿದ. ಅವನ ಹೊಟ್ಟೆ ನಗುವಿಗೆ ಕುಣಿಯುತ್ತಿತ್ತು.

“ಗೊತ್ತೈತೋ ಹುಚ್ಚಾ! ಮಾಯಕ್ಕನ ಗಂಡ ನಮ್ಮ ಗ್ಯಾಂಗಿನ್ಯಾಂವಾ! ಮೊದಲನೇ ಮೀನಿಂದನ ಗೊತ್ತೈತಿ! ಇದೂ ಆಕೀದ! ಆದರ ಟೇಲರಾ, ಇವತ್ತ ನಿನ್ನ ಕಟಿಂಗ್ ಕೆಟ್ಟೈತಿ ನೋಡು!”

ದೇಸೂರು ಹಿಂದೆ ಸರಿಯಿತು. ನಬೀಸಾಬ ಬಾಜೂಕ ಕುಳಿತ ಅಪರಿಚಿತನ ಕಡೆ ತಿರುಗಿ, “ಇಷ್ಟ ಇತ್ತರೀ, ಖರೇನ ಇಷ್ಟ” ಎಂದು ಕೈಗಳನ್ನು ಅಗಲಿಸಿದ. ಅಳತೆ ಒಂದು ಇಂಚೂ ಹೆಚ್ಚಿರಲಿಲ್ಲ. ಆ ಮನುಷ್ಯ ನಯವಾಗಿ ಹೂಂ ಎಂದು, ಗಂಟುಮೂಟೆ ಎತ್ತಿಕೊಂಡು ಎದುರಿನ ಸೀಟಿಗೆ ಹೋಗಿ ಕೂತ.