ಮೇಣದಲ್ಲಿ ಉಳಿದ ಶರಣಪ್ಪ

೨೦೦೨ರಲ್ಲಿ ನಾನು ಪುಣೆಯ ಒಂದು ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಎಂ.ಡಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ನನ್ನ ಪ್ರಬಂಧದ ವಿಷಯ, ಶ್ವಾಸಕೋಶದ ಕ್ಯಾನ್ಸರಿನಲ್ಲಿ ಪಿ-೫೩ ಎಂಬ ಪ್ರೋಟೀನು. ರೋಗಿಯಿಂದ ತೆಗೆದ ತುಣುಕನ್ನು ಮೇಣದ ಬ್ಲಾಕಿನಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಸ್ಲೈಡಿನ ಮೇಲೆ ಬಣ್ಣ ಹಾಕುತ್ತಿದ್ದೆವು. ಆ ಪ್ರೋಟೀನು ತುಂಬಿಕೊಂಡ ಜೀವಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತಿದ್ದವು, ಉಳಿದವು ನೀಲಿ. ಕಂದು ಹೆಚ್ಚಿದ್ದವರು ಬೇಗ ಸಾಯುತ್ತಾರೆಯೇ ಎಂಬುದು ಪ್ರಶ್ನೆ. ತಿಳಿದವರಲ್ಲೇ ಒಮ್ಮತವಿರಲಿಲ್ಲ. ನನ್ನ ಕೆಲಸ ಎಣಿಸುವುದು.

ಜೂನ್ ತಿಂಗಳಲ್ಲಿ ಶರಣಪ್ಪನವರ ಸ್ಲೈಡು ಬಂತು. ಗುಲ್ಬರ್ಗಾ ಕಡೆಯವರು, ಪುಣೆಯಂಚಿನ ವಾಕಡದ ಹೊಸ ಕಟ್ಟಡಗಳಲ್ಲಿ ಗಾರೆ ಕೆಲಸ. ನೂರು ಗಡ್ಡೆಕೋಶಗಳಲ್ಲಿ ಎಪ್ಪತ್ತೆರಡು ಕಂದು. ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ನನ್ನ ಕೋಷ್ಟಕಕ್ಕೆ ಆ ಸಾವು ಸರಿಯಾಗಿ ಹೊಂದಿತು.

ಎರಡು ವಾರದ ಮೇಲೆ ಅವರ ಹೆಂಡತಿ ಮಹಾದೇವಿ, ಮೈದುನನನ್ನು ಕರೆದುಕೊಂಡು ವಿಭಾಗಕ್ಕೆ ಬಂದರು. ಆಕೆಗೆ ಮರಾಠಿ ಅರೆಬರೆ. ಕನ್ನಡ ಬಲ್ಲವಳೆಂದು ಗುಮಾಸ್ತರು ನನ್ನನ್ನು ಕರೆದರು.

"ಊರಾಗ ಮಣ್ಣ ಕೊಟ್ಟೇವ್ರಿ ಬಾಯಾರ. ಖರೇ ಅವರದೊಂದು ತುಣುಕು ಇಲ್ಲೇ ಉಳದದಂತ. ದಿನಾ ಕನಸಿನಾಗ ಬಂದು ಕೆಮ್ಮತಾರ್ರಿ. ಕೊಡ್ರಿ, ಒಯ್ದು ಅವರ ಹಂತ್ಯಾಕ ಮಣ್ಣಾಗ ಇಡ್ತೀನಿ."

ಮೈದುನ ಗೊಣಗಿದ: "ವೈನಿ, ಜ್ವಾಳದ ಕಾಳಿನಷ್ಟು ಮಾಂಸಕ್ಕ ನನ್ನ ಒಂದಿನದ ಹಾಜರಿ ಕೂಲಿ ಹಾಳ ಮಾಡ್ದಿ."

"ನಿನ್ನ ಹಾಜರಿ ನಾಳೆನೂ ಸಿಗ್ತದ. ಅವರು ಸಿಗ್ತಾರೇನು?"

ಬ್ಲಾಕ್ ಕೊಡಲು ವಿಭಾಗದ ಮುಖ್ಯಸ್ಥರ ಅಡ್ಡಿಯಿರಲಿಲ್ಲ. ಬೇರೆ ಆಸ್ಪತ್ರೆಗಳಲ್ಲಿ ತೋರಿಸಲು ಜನ ಒಯ್ಯುತ್ತಲೇ ಇದ್ದರು. ಆದರೆ ನಾನೇ ಆಕೆಯ ಸಮಾಧಾನಕ್ಕೆಂದು, "ಅದು ಬ್ಯಾನಿ ತುಣುಕ್ರಿ ತಾಯಿ, ಅವರದಲ್ಲ" ಎಂದೆ.

ಆಕೆಯ ಮುಖ ಬಿಳಿಚಿತು. ಗಂಡನನ್ನು ಕೊಂದದ್ದನ್ನೇ ಒಯ್ದು ಅವರ ಮಗ್ಗುಲಲ್ಲಿ ಹೂಳುವುದೆ? ಮೈದುನ ಹೊರಡಲು ಎದ್ದ. ಆಕೆ ಏಳಲಿಲ್ಲ.

"ತೋರಸ್ರಿ ನನಗ."

ಮೈಕ್ರೋಸ್ಕೋಪಿನಲ್ಲಿ ಸ್ಲೈಡು ಇಟ್ಟೆ. ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು.

"ಇದರಾಗ ಅವರದು ಯಾವುದು, ಬ್ಯಾನಿದು ಯಾವುದು?"

ಅಂಚಿನ ನೀಲಿ ಸಾಲು ಶ್ವಾಸನಾಳದ ಒಳಪದರ, ಅದು ಅವರದು ಎಂದೆ.

"ಈ ಕಂದು? ಹೊರಗಿಂದ ಬಂದದ್ದೇನ್ರಿ?"

ಸುಳ್ಳು ಹೇಳಲಾಗಲಿಲ್ಲ. "ಇಲ್ರಿ. ಅವೂ ಅವರ ಮೈಯಾಗ ಹುಟ್ಟಿದವ."

"ಹಂಗಾರ ಎಲ್ಲಾ ಅವರದ. ಎಲ್ಲಾ ಕೊಡ್ರಿ."

ಬ್ಲಾಕನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟೆ. ಸ್ಲೈಡು ಮಾತ್ರ ವಿಭಾಗದಲ್ಲೇ ಇರಬೇಕು, ಅದು ನಿಯಮ, ಅದನ್ನೂ ಹೇಳಿದೆ. ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಆಕೆ ಕೇಳಿದ್ದು ಇಷ್ಟೇ: "ಎಲ್ಲಿ ಇರ್ತಾರ್ರಿ?"

ಕಪಾಟು ತೋರಿಸಿದೆ. ಅದರ ಹಿಡಿಕೆಯನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡು ಹೋದರು.

ಇಂಥ ಎಣಿಕೆ ಒಂದು ಗುಂಪಿನ ಬಗ್ಗೆ ಏನಾದರೂ ಹೇಳೀತು, ಒಬ್ಬರ ಬಗ್ಗೆ ಹೇಳಲಾರದು ಎಂದು ಪ್ರಬಂಧದ ಕೊನೆಯಲ್ಲಿ ಬರೆದೆ. ಪರೀಕ್ಷಕರು ಒಪ್ಪಿದರು. ಆದರೆ ಈ ಕೆಲಸ ನನಗೆ ಕಲಿಸಿದ್ದು ಅದಕ್ಕಿಂತ ಹೆಚ್ಚು. ನಾವು ಎಣಿಸುವುದೆಲ್ಲ, ಮನೆಯವರು ಇನ್ನೂ ಕಾಯುತ್ತಿರುವ ಒಬ್ಬರ ಮೈ. ಈಗಲೂ ಸ್ಲೈಡುಗಳ ಯಾವ ಕಪಾಟು ತೆರೆಯುವ ಮುನ್ನವೂ ಕೈ ತಾನಾಗಿ ನಿಲ್ಲುತ್ತದೆ, ಬಾಗಿಲು ತಟ್ಟದೆ ಒಳಗೆ ಹೋಗಬಾರದು ಎಂಬಂತೆ.