ಮೂರಿಂಚಿನ ಮರ್ಯಾದೆ

ಹೊಸ ಟೈರಿನ ವಾಸನೆಗೆ ಮನುಷ್ಯನ ಬುದ್ಧಿ ಕೆಡಿಸುವ ಗುಣವಿದೆ. ನಂಬಿಕೆ ಬರದಿದ್ದರೆ ರಿಪ್ಪನ್‌ಪೇಟೆಯ ಇನಾಸಣ್ಣನ ಗ್ಯಾರೇಜಿಗೆ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಐದು ನಿಮಿಷ ಕೂತು ನೋಡಿ. ನನ್ನ ಪಿಕಪ್ಪಿನ ನಾಲ್ಕೂ ಟೈರು ಸವೆದಿವೆ, ಹೊಸದು ಆರಿಸಬೇಕು. ಈ ಸಲ ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಕೂತಿದ್ದೇನೆ. ಹಿಂದಿನ ಸಲದ ಕಥೆ ಕೇಳಿದರೆ ನೀವೂ ಹಿಡಿಯುತ್ತೀರಿ.

ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಬರುವ ದಾರಿಯ ನಡುವೆ ಒಂದು ಕಲ್ಲಿತ್ತು. ಹಾಯುವಾಗಲೆಲ್ಲ ಗಾಡಿಯ ಹೊಟ್ಟೆಗೆ ಕರ್ ಎಂದು ತಾಗುತ್ತಿತ್ತು. ಹಾರೆ ಹಿಡಿದರೆ ಅರ್ಧ ಗಂಟೆಯ ಕೆಲಸ. ಆದರೆ ಹಾರೆ ಹಿಡಿದವನನ್ನು ಯಾರು ತಿರುಗಿ ನೋಡುತ್ತಾರೆ? ಕಲ್ಲು ಕೀಳುವ ಬದಲು ಗಾಡಿಯ ಮೈಯನ್ನೇ ಚಕ್ರದಿಂದ ಇನ್ನಷ್ಟು ಮೇಲಕ್ಕೆ ಎತ್ತಿಸುವುದೆಂದು ತೀರ್ಮಾನಿಸಿದೆ. ಹೋಟೆಲಿನ ಮೇಜಿನ ಸುತ್ತ ಸಲಹೆಗಾರರಿಗೇನು ಬರವೇ? ಜನ್ಮದಲ್ಲಿ ಸ್ಕೂಟರು ಬಿಟ್ಟು ಬೇರೆ ಓಡಿಸದವರೂ, ಮೂರಿಂಚಿಗಿಂತ ಕಮ್ಮಿ ಎತ್ತಿದರೆ ಅದು ಎತ್ತಿದ ಹಾಗೇ ಅಲ್ಲ ಎಂದರು.

ಇನಾಸಣ್ಣ ಮಾತ್ರ ತಲೆ ಕೆರೆದುಕೊಂಡ.

“ಗಾಡಿ ಎಲ್ಲೆಲ್ಲಿಗೆ ಹೋಗುತ್ತೆ ಭಟ್ರೇ?”

“ಸಾಗರ, ಹೊಸನಗರ. ಅಪರೂಪಕ್ಕೆ ತೀರ್ಥಹಳ್ಳಿ.”

“ಎಲ್ಲಾ ಕಡೆ ಟಾರ್ ರೋಡೇ ಅಲ್ವಾ? ಒಂದಿಂಚು ಎತ್ತಿದ್ರೆ ಸಾಕು. ರಸ್ತೆ ಟೈರೇ ಹಾಕ್ಸಿ.”

“ಹುಲಿಕಲ್ ಘಾಟಿ ಇಳೀಬೇಕಾದ್ರೆ?”

“ಬಸ್ಸು ಇಳಿಯೋದಿಲ್ವಾ ಅಲ್ಲಿ?”

ಬಸ್ಸಿಗೆ ಮರ್ಯಾದೆಯ ಚಿಂತೆಯಿಲ್ಲ, ನನಗಿತ್ತು. ಮೂರಿಂಚೇ ಎತ್ತಿಸಿದೆ. ಕೆಸರಿಗೆಂದೇ ಮಾಡಿದ ದೊಡ್ಡ ಹಲ್ಲಿನ ಟೈರು ಹಾಕಿಸಿದೆ. ಮೂಗಿಗಿಂತ ಮೂಗುತಿ ಭಾರವಾಯಿತು. ಗಾಡಿ ಬಂದರೆ ರೈಸ್‌ಮಿಲ್ಲೇ ಎದ್ದು ಬಂದಂಥ ಸದ್ದು. ದೀಪ ಹಾಕಿದರೆ ರಸ್ತೆ ಬಿಟ್ಟು ಹಲಸಿನ ಮರದ ಕಾಯಿಗಳು ಕಾಣುತ್ತಿದ್ದವು. ವರದಹಳ್ಳಿಗೆ ಹೋಗಿ ಕೈಮುಗಿದು ಬಂದು, ಮನೆಯ ಮುಂದೆ ಪೂಜೆ ಮಾಡಿಸಿ, ನಾಲ್ಕು ನಿಂಬೆಹಣ್ಣಿನ ಮೇಲೆ ಹಾಯಿಸಿದ್ದೂ ಆಯಿತು.

ಈಗ ಅಕ್ಕನ ವಿಷಯ ಹೇಳಬೇಕು. ಅವಳನ್ನು ಪಕ್ಕದ ಮನೆಗೇ ಕೊಟ್ಟಿದ್ದು. ಅಂಗಳದ ತುಂಬ ಡೇರೆ ಹೂವಿನ ಗಿಡ ಬೆಳೆಸುತ್ತಾಳೆ. ಪ್ರತಿ ಸಂತೆಗೂ ಗಿಡ ನೆಟ್ಟ ಪ್ಲಾಸ್ಟಿಕ್ ಕೊಟ್ಟೆಗಳನ್ನು ನನ್ನ ಪಿಕಪ್ಪಿನ ಹಿಂದೆ ತುಂಬಿ, ತಾನು ಮುಂದಿನ ಸೀಟಿನಲ್ಲಿ ಕೂತು ರಿಪ್ಪನ್‌ಪೇಟೆಗೆ ಬರುತ್ತಿದ್ದಳು. ಹತ್ತು ಜನರ ಹತ್ತಿರ ಚೌಕಾಸಿ ಮಾಡುವ ಆ ಒಂದು ದಿನ ಅವಳಿಗೆ ಮಂಡಿನೋವು ನೆನಪಾಗುತ್ತಿರಲಿಲ್ಲ.

ಪೂಜೆಯ ದಿನ ಅಕ್ಕ ಬಾಗಿಲು ಹಿಡಿದು ಒಂದು ಕಾಲೆತ್ತಿದಳು. ಮತ್ತೆ ಇಳಿಸಿದಳು.

“ಚಂದ ಇದ್ದು ತಮಾ. ಆನು ಈ ವಾರ ಬತ್ನಿಲ್ಲೆ, ಮನೇಲಿ ಕೆಲಸ ಇದ್ದು.”

ಮುಂದಿನ ವಾರ ಗಿಡ ಬೇರು ಬಿಟ್ಟಿರಲಿಲ್ಲ. ಅದರ ಮುಂದಿನ ವಾರ ನೆಂಟರು. ನಾನು ಎಲ್ಲವನ್ನೂ ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ನಾಲ್ಕನೇ ಸಂತೆಯ ದಿನ ಹೋಟೆಲಿನ ಮುಂದೆ ಬಾನೆಟ್ಟಿಗೆ ಒರಗಿ, ಯಾರಿಗೋ ಟೈರಿನ ಹಲ್ಲಿನ ಮಹಿಮೆ ವಿವರಿಸುತ್ತಿದ್ದೆ. ಎದುರಿಗೆ ಆಟೋ ಬಂದು ನಿಂತಿತು. ಅದರಿಂದ ಒಂದೊಂದೇ ಡೇರೆ ಗಿಡ ಇಳಿಯಿತು, ಕೊನೆಗೆ ಅಕ್ಕ ಇಳಿದಳು.

“ಆಟೋ ಎಂತಕ್ಕೆ ಅಕ್ಕಾ?”

“ನಿನ್ನ ಗಾಡಿ ನೋಡ್ಲೆ ಚಂದ ಇದ್ದು ತಮಾ. ಹತ್ಲೆ ಆಗ್ತಿಲ್ಲೆ.”

“ಮೊದ್ಲೇ ಹೇಳಲಾಗ್ತಿತ್ತಿಲ್ಯಾ?”

“ಪೂಜೆ ಆದ ಗಾಡಿಗೆ ಕೊಂಕು ಹೆಂಗೆ ಹೇಳದು?”

ನಮ್ಮ ಕಡೆ ಆ ಕ್ರಮವಿಲ್ಲ, ನಿಜ. ನಿಂಬೆಹಣ್ಣು ಒಡೆದ ಮೇಲೆ ಗಾಡಿಯನ್ನು ಹೊಗಳಬೇಕು, ಇಲ್ಲವೇ ಸುಮ್ಮನಿರಬೇಕು. ಅಕ್ಕ ಎರಡನ್ನೂ ಮಾಡಿದ್ದಳು.

ಹಾಗಾದರೆ ಅವತ್ತೇ ಗಾಡಿ ಇಳಿಸಿದೆನೇ ಎಂದು ಕೇಳುತ್ತೀರಿ. ಇಲ್ಲ. ಹೋಟೆಲಿನವರು ಏನೆಂದಾರು? ಊಟದ ಮಣೆಯೊಂದನ್ನು ತಂದು ಗಾಡಿಯಲ್ಲಿಟ್ಟೆ. ಟೈರು ಸವೆಯುವಷ್ಟು ಕಾಲವೂ ಅಕ್ಕ ಸಂತೆಯ ಜನರೆದುರು ಮಂಡಿ ಹಿಡಿದುಕೊಂಡು ಆ ಮಣೆ ಹತ್ತಿದಳು. ನಾನು ಆಚೆ ಮುಖ ಮಾಡಿ ನಿಂತೆ. ಇದನ್ನು ತಮಾಷೆಯಾಗಿ ಹೇಳಲು ಎಷ್ಟೋ ಸಲ ನೋಡಿದೆ, ಆಗಲಿಲ್ಲ. ನನಗೆ ಈಗಲೂ ನಾಚಿಕೆಯಾಗುತ್ತದೆ.

ಇವತ್ತು ಬೆಳಿಗ್ಗೆ ಹಾರೆ ಹಿಡಿದು ಆ ಕಲ್ಲು ಕಿತ್ತೆ. ಅರ್ಧ ಗಂಟೆಯೂ ಆಗಲಿಲ್ಲ. ಆಮೇಲೆ ಅಕ್ಕನ ಜಗಲಿಯ ಮೆಟ್ಟಿಲಿನ ಎತ್ತರವನ್ನು ಹೂ ಕಟ್ಟುವ ಬಾಳೆನಾರಿನಲ್ಲಿ ಅಳೆದು ಗಂಟು ಹಾಕಿ ತಂದೆ. ಆ ಮೆಟ್ಟಿಲನ್ನು ಅವಳು ಸಲೀಸಾಗಿ ಹತ್ತುತ್ತಾಳೆ.

ಇನಾಸಣ್ಣ ನಾರನ್ನು ಗಾಡಿಯ ಪಕ್ಕ ಹಿಡಿದು ನೋಡಿದ. “ಎರಡಿಂಚು ಇಳಿಸೋಣ, ಒಂದಿಂಚು ಇರ್ಲಿ. ಬಾಗಿಲ ಕೆಳಗೆ ಈ ಅಳತೆಗೆ ಒಂದು ಮೆಟ್ಲು ಕೂರಿಸ್ತೀನಿ.” ಕಲ್ಲು ಹೋದ ಮೇಲೂ ಒಂದಿಂಚು ಯಾಕೆಂದು ಕೇಳಬೇಡಿ. ಮನುಷ್ಯ ಒಂದೇ ಸಲಕ್ಕೆ ಪೂರ್ತಿ ಸುಧಾರಿಸುವುದಿಲ್ಲ.

ಸಂಜೆಯೊಳಗೆ ರಸ್ತೆ ಟೈರು ಹಾಕಿ ಕೊಡುತ್ತಾನಂತೆ. ನಿಂಬೆಹಣ್ಣು ಕಟ್ಟಿಕೊಡಲೇ ಎಂದು ಪಕ್ಕದ ಅಂಗಡಿಯವನು ಕೇಳಿದ. ಬೇಡ ಎಂದೆ. ಪೂಜೆ ಮುಂದಿನ ವಾರ. ಅಕ್ಕ ಮೊದಲು ಹತ್ತಿ ಕೂತು, ಬಯ್ಯುವುದನ್ನೆಲ್ಲ ಬೈದು ಮುಗಿಸಲಿ.