ಅಡುಗೆಮನೆಯ ಗೋಡೆಯಲ್ಲಿದ್ದ ಹಡಗು

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಎಂಟು ವರ್ಷ ಪೋರ್ಚುಗಲ್ ಇತ್ತು. ಗ್ಯಾಸ್ ಒಲೆಯಿಂದ ಎರಡು ಗೇಣು ಮೇಲೆ, ಮಸಾಲೆ ಡಬ್ಬಿಯ ಪಕ್ಕದಲ್ಲಿ.

ಬಿಳಿ ಟೈಲಿನ ಮೇಲೆ ನೀಲಿ ಹಡಗು. ಮೂರು ಹಾಯಿ, ಕೆಳಗೆ ನಾಲ್ಕು ಅಲೆ. ಅದರ ಕಥೆ ಕೇಳದೆ ನಮ್ಮ ಮನೆಯಲ್ಲಿ ಯಾರೂ ಚಹಾ ಕುಡಿದಿಲ್ಲ. (ಕೆಲವರು ಎರಡೆರಡು ಸಲ ಕೇಳಿದ್ದಾರೆ. ಅವರು ಈಗ ಬರುವುದು ಕಡಿಮೆ.)

ನೀವು ಮನೆಗೆ ಬಂದಿಲ್ಲವಾದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ತೊಂಬತ್ತೆಂಟರಲ್ಲಿ ಒಂದು ಸೆಮಿನಾರಿನ ನೆಪದಲ್ಲಿ ಪೋರ್ಟೊ ನಗರಕ್ಕೆ ಹೋಗಿದ್ದೆ. ಹೆಂಡತಿ ವಿಮಲಾ ಜೊತೆಗಿದ್ದಳು. ಪೋರ್ಚುಗಲ್ಲಿನ ಹಳೆಯ ಊರು. ನದಿ ದಂಡೆಯಲ್ಲಿ ಶುರುವಾಗಿ ಗುಡ್ಡದ ತುದಿಯವರೆಗೆ ಮನೆಯ ಮೇಲೆ ಮನೆ ಹತ್ತಿ ಕೂತಿರುತ್ತದೆ. ಎಲ್ಲಿಗೆ ಹೋಗಬೇಕಾದರೂ ಮೆಟ್ಟಿಲು. ಬಾಲ್ಕನಿ ಬಾಲ್ಕನಿಯಲ್ಲೂ ಒಗೆದ ಬಟ್ಟೆ. ರೈಲ್ವೆ ಸ್ಟೇಷನ್ನಿನ ಗೋಡೆಗಳ ತುಂಬ ನೀಲಿ ಟೈಲುಗಳು. ಅವುಗಳಲ್ಲಿ ರಾಜರು, ಕುದುರೆಗಳು, ಯುದ್ಧಗಳು. ನಾನು ಬಾಯಿ ತೆರೆದು ರಾಜರನ್ನು ನೋಡುತ್ತಿದ್ದರೆ ವಿಮಲಾ ಗೋಡೆಯ ಮೂಲೆ ಮೂಲೆ ನೋಡುತ್ತಿದ್ದಳು.

"ರೀ, ಯಾರೂ ಉಗುಳೇ ಇಲ್ಲರೀ!"

ಪುಣೆಯಿಂದ ಹೋದವರಿಗೆ ಅದೂ ಒಂದು ಚಾರಿತ್ರಿಕ ದೃಶ್ಯವೇ.

ಎರಡನೆಯ ದಿನ ದಾರಿ ತಪ್ಪಿದೆವು. ಮೆಟ್ಟಿಲುಗಳ ಒಂದು ಓಣಿಯಲ್ಲಿ ಹಳೆಯ ಟೈಲು ಮಾರುವ ಮುದುಕನ ಅಂಗಡಿ ಸಿಕ್ಕಿತು. ಕೆಡವಿದ ಮನೆಗಳಿಂದ ಬಿಡಿಸಿ ತಂದ ಟೈಲುಗಳು. ಅವನಿಗೆ ಇಂಗ್ಲಿಷ್ ಬರದು, ನಮಗೆ ಅವನ ಭಾಷೆ ಬರದು. ನಾನು ಹಡಗಿನ ಟೈಲಿಗೆ ಕೈ ಹಾಕಿದೆ. ಮುದುಕ ಅದನ್ನು ಎದೆಗೊತ್ತಿಕೊಂಡ. ಆಮೇಲೆ ನಕ್ಕು, ಪೇಪರಿನಲ್ಲಿ ಸುತ್ತಿ ಕೊಟ್ಟ. ಇದು ಕಥೆ.

ಕಥೆಯ ನಂತರ ಉಪನ್ಯಾಸ. "ಈ ನೀಲಿ ನೋಡಿ, ನಮ್ಮ ಕಡೆ ಬರೋದಿಲ್ಲ. ಈ ಹಾಯಿಕಂಬ ಸ್ವಲ್ಪ ಓರೆ ಇದೆ, ನೋಡಿದಿರಾ? ಕೈಯಲ್ಲಿ ಬರೆದದ್ದು. ಮಷೀನಿಗೆ ಈ ತಪ್ಪು ಸಾಧ್ಯವೇ?"

ಎಲ್ಲರೂ ಸಾಧ್ಯವಿಲ್ಲ ಎನ್ನುತ್ತಿದ್ದರು. ವಿಮಲಾ ಮಾತ್ರ ಆ ಹೊತ್ತಿಗೆ ಸರಿಯಾಗಿ ಸಕ್ಕರೆ ಹುಡುಕುತ್ತಿದ್ದಳು.

ಕಳೆದ ತಿಂಗಳು ಅಡುಗೆಮನೆ ರಿಪೇರಿಗೆ ತೆಗೆದೆವು. ಟೈಲು ಕೂರಿಸಲು ಬಂದ ಗವಂಡಿ ಶರಣಪ್ಪ ಯಾದಗಿರಿ ಕಡೆಯವನು. ಪುಣೆಗೆ ಬಂದು ಹದಿನೈದು ವರ್ಷವಾಯಿತಂತೆ. ನಾನು ಮೊದಲೇ ಎಚ್ಚರಿಕೆ ಕೊಟ್ಟೆ. "ಶರಣಪ್ಪ, ಉಳಿದದ್ದೆಲ್ಲ ಒಡಿ. ಈ ಒಂದನ್ನ ಮಾತ್ರ ಹೂವಿನ ಹಂಗ ಬಿಡಸಬೇಕು. ಪೋರ್ಚುಗಲ್‌ದು."

ವಿಮಲಾ ನಡುವೆ ಬಂದಳು. "ಅದನ್ಯಾಕ ಕೀಳ್ತೀರಿ? ಅಲ್ಲೇ ಇರ್ಲಿ ಬಿಡ್ರಿ. ಒಡದ್ರ ಏನ್ ಮಾಡ್ತೀರಿ?"

ಶರಣಪ್ಪ ಕತ್ತು ಓರೆ ಮಾಡಿ ಹಡಗನ್ನು ನೋಡಿದ. "ಸಾಹೇಬ್ರ, ಇದು ಪರದೇಶದ್ದೇನ್ರೀ?"

"ಹೌದು."

"ವಿಮಾನ ನಗರದಾಗ ಎರಡು ಬಾತ್‌ರೂಮಿಗೆ ಇದೇ ಹಡಗ ಹಚ್ಚೀನ್ರೀ."

"ಇಂಥದ್ದೇ ಇರಬಹುದು. ಇದೇ ಇರಲಿಕ್ಕಿಲ್ಲ. ಈ ಕಂಬ ನೋಡು, ಓರೆ ಅದ."

"ಆ ಓರೆ ಎಲ್ಲಾದ್ರಾಗೂ ಅದರೀ."

ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಒಂದೇ ಪ್ರಶ್ನೆ: ಆಧಾರ ಎಲ್ಲಿ? ಪಕ್ಕದ ಮನೆಯ ಜೋಶಿಯವರ ಜ್ಯೋತಿಷಿಗೆ, ತಂಗಿಯ ಮಾವನ ಕಷಾಯಕ್ಕೆ, ಪೇಪರಿನಲ್ಲಿ ಬರುವ ಪ್ರತಿಯೊಂದು ಸುದ್ದಿಗೆ ಈ ಪ್ರಶ್ನೆ ಕೇಳಿದ್ದೇನೆ. ನನ್ನ ಹಡಗಿಗೆ ಯಾಕೆ ಕೇಳಲಿಲ್ಲ? ಆಧಾರ ಟೈಲಿನ ಬೆನ್ನ ಮೇಲಿತ್ತು. ಬೆನ್ನು ಸಿಮೆಂಟಿನೊಳಗಿತ್ತು.

"ತೆಗಿ," ಎಂದೆ.

ಶರಣಪ್ಪ ಅರ್ಧ ಗಂಟೆ ಕುಟುಕುಟು ಕುಟ್ಟಿದ. ಹಡಗು ಇಡಿಯಾಗಿ ಬಂತು. ಬೆನ್ನು ತೊಳೆದು ಕನ್ನಡಕ ಹಾಕಿಕೊಂಡು ನೋಡಿದೆ. ಉಬ್ಬಿದ ಇಂಗ್ಲಿಷ್ ಅಕ್ಷರಗಳು. ಭಾರತದಲ್ಲಿ ತಯಾರಾದದ್ದು.

ಎಂಟು ವರ್ಷದ ಉಪನ್ಯಾಸ! ಮುದುಕ ಮೋಸ ಮಾಡಿದನೇ? ಭಾರತದ ಟೈಲು ಪೋರ್ಟೊಗೆ ಹೋಗಿ, ಅಲ್ಲಿಂದ ನಾನು ಹೊತ್ತು ತಂದೆನೇ? ಅಥವಾ ನಾನು ಅಲ್ಲಿ ಟೈಲನ್ನೇ ಕೊಂಡಿರಲಿಲ್ಲವೇ? ಆ ಮುದುಕ, ಆ ಓಣಿ, ಎಲ್ಲ ನಾನು ಚಹಾದ ಜೊತೆ ಸ್ವಲ್ಪ ಸ್ವಲ್ಪವೇ ಕಟ್ಟಿಕೊಂಡದ್ದೇ? ಹೋದ ಊರೇ ಕೈಬಿಟ್ಟು ಹೋದಂತಾಯಿತು.

ವಿಮಲಾ ಕೈ ಒರೆಸಿಕೊಂಡು ಬಂದು ಕೂತಳು.

"ಅಲ್ಲಿ ಕೊಂಡಿದ್ದು ಖರೇ ಅದರಿ. ಸೂಟ್‌ಕೇಸಿನಾಗ ಒಡದಿತ್ತು. ಮನಿಗೆ ಬಂದ ದಿನ ನೀವು ಸ್ನಾನಕ್ಕ ಹೋದಾಗ ತೆಗದು ನೋಡಿದೆ, ಮೂರು ತುಂಡು. ದಾರಿ ತುಂಬ ಅದರದ್ದೇ ಮಾತು ನಿಮ್ಮದು. ಹೆಂಗ ಹೇಳ್ಲಿ?"

"ಅದಕ್ಕ?"

"ಮರುದಿನ ಭವಾನಿ ಪೇಠದ ಟೈಲಿನ ಅಂಗಡಿಗೆ ಹೋಗಿ ಇದನ್ನ ತಂದೆ. ನೋಡಿದ ಕೂಡ್ಲೇ ಹಿಡೀತೀರಿ, ಆಮ್ಯಾಲೆ ಇಬ್ಬರೂ ನಕ್ಕರಾಯ್ತು ಅಂದ್ಕೊಂಡಿದ್ದೆ. ನೀವು ಕೈಯಾಗ ಹಿಡದು 'ಆಹಾ' ಅಂದ್ರಿ!"

"ಅಂತೂ ಅಂಥದ್ದೇ ಹಡಗು ಸಿಕ್ಕಿತಲ್ಲ..."

"ಹಡಗು ಎಲ್ಲಿತ್ತರಿ? ಅದರಾಗ ಮೊಲ ಇತ್ತು."

ಮೊಲ?

ಗೌರಿ ಹಬ್ಬದ ಸಾಮಾನು ಇಡುವ ಹಳೆಯ ಬಿಸ್ಕತ್ತಿನ ಡಬ್ಬಿ ಅಟ್ಟದಿಂದ ಇಳಿಯಿತು. ರಂಗೋಲಿ ಅಚ್ಚುಗಳ ಕೆಳಗೆ ಹಳೆಯ ಟವೆಲ್, ಟವೆಲ್ಲಿನಲ್ಲಿ ಮೂರು ತುಂಡು. ಜೋಡಿಸಿದಳು. ಓಡುತ್ತಿರುವ ಮೊಲ, ಓಡುತ್ತಲೇ ತಿರುಗಿ ನೋಡುತ್ತಿದೆ. ಒಂದು ಮೂಲೆ ಇಲ್ಲ.

ಈ ಮೊಲವನ್ನು ನಾನು ಜನ್ಮದಲ್ಲಿ ನೋಡಿಲ್ಲ ಎಂದು ಆಣೆ ಮಾಡಲು ತಯಾರಿದ್ದೆ. ಮುದುಕನ ಕೈಯಲ್ಲಿ ಹಡಗು ಕಂಡದ್ದು ನನಗೆ ಆ ಕ್ಷಣಕ್ಕೂ ಸ್ಪಷ್ಟ. ಅವನ ಹೆಬ್ಬೆರಳು ಅಲೆಗಳ ಮೇಲಿತ್ತು!

"ನೀವೇ ಆರಿಸಿದ್ದು," ಎಂದಳು ವಿಮಲಾ. "ಥೇಟ್ ನಮ್ಮ ಗೈಡ್ ಇದ್ದಂಗ ಅದ, 'ಚಾಪ್ಟರ್ ಯಾವಾಗ ಕೊಡ್ತೀ' ಅಂತ ಕೇಳಿಕೋತ ಓಡಿ ಹೋಗ್ತದ ಅಂತ ಹೇಳಿ ನಕ್ಕಿದ್ರಿ."

ಮೊಲದ ಮುಖ ನೋಡಿದೆ. ನನ್ನ ಪಿಎಚ್‌ಡಿ ಗೈಡ್! ಅದೇ ಮೀಸೆ, ಅದೇ ಅವಸರ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಶರಣಪ್ಪನೂ ಕಾರಣ ತಿಳಿಯದೆ ನಕ್ಕ. ಎಂಟು ವರ್ಷದ ಹಿಂದೆ ಇದೇ ಮಾತಿಗೆ ಇಷ್ಟೇ ನಕ್ಕಿರಬೇಕು. ನನಗೆ ಸಿಕ್ಕ ಮೊದಲ ಆಧಾರ ಅದು.

"ಆ ಮುದುಕನ ಹೆಂಡತಿ ಹೆಂಗಿದ್ದಳು, ನೆನಪಾತೇನು?" ವಿಮಲಾ ಬಿಡಲಿಲ್ಲ. "ಮ್ಯಾಲಿಂದ ಇಳದು ಬಂದು ನನ್ನ ಇಳಕಲ್ ಸೀರಿ ಸೆರಗು ಮುಟ್ಟಿ ಮುಟ್ಟಿ ನೋಡಿದ್ಲು."

ಮುದುಕನಿಗೆ ಹೆಂಡತಿಯೇ ನನ್ನ ಕಥೆಯಲ್ಲಿ ಇಲ್ಲ. ಆಲ್ಬಮ್ ತೆಗೆದೆ. ಅಲ್ಲಿದ್ದಾಳೆ! ಮೆಟ್ಟಿಲ ಮೇಲೆ ವಿಮಲಾ, ಪಕ್ಕದಲ್ಲಿ ಏಪ್ರನ್ ಕಟ್ಟಿದ ಅಜ್ಜಿ, ಅವಳ ಎರಡು ಬೆರಳ ನಡುವೆ ಸೆರಗು. ಹೋದವರು ನಾವಿಬ್ಬರೇ. ಫೋಟೋ ತೆಗೆದವನು ನಾನೇ. ಅಷ್ಟೊಂದು ಚೆನ್ನಾಗಿ ಫೋಕಸ್ ಮಾಡಿ ಮರೆತಿದ್ದೇನೆ.

ಕೋಪ ಬಂತೇ ಎಂದು ಕೇಳುತ್ತೀರಿ. ಯಾರ ಮೇಲೆ? ಅವಳು ಬದಲಿಸಿದ್ದು ಒಂದು ಟೈಲು. ನಾನು ಅದಕ್ಕೆ ಹೊಂದುವಂತೆ ಒಂದು ಊರನ್ನೇ ಬದಲಿಸಿಕೊಂಡಿದ್ದೆ.

ಶರಣಪ್ಪ ಮೂರು ತುಂಡನ್ನೂ ಗೋಡೆಗೆ ಕೂರಿಸಿ, ಇಲ್ಲದ ಮೂಲೆಗೆ ಬಿಳಿ ಸಿಮೆಂಟು ತುಂಬಿದ. ಹೋಗುವಾಗ ಹಡಗು ಕೇಳಿದ. "ಊರಾಗ ಮನಿ ಕಟ್ಟಾಕತ್ತೀನ್ರೀ. ಬಾಗಲ ಮ್ಯಾಲ ಹಚ್ತೀನಿ."

"ನಿಮ್ಮ ಊರಿನಾಗ ಹಡಗು ಏನ್ ಮಾಡ್ತದೋ?"

"ಹಡಗಿಗೇನ್ರೀ, ಎಲ್ಲಿ ಬೇಕಾದ್ರೂ ಹೋಗ್ತದ."

ಮೊನ್ನೆ ಭಾನುವಾರ ಪಕ್ಕದ ಮನೆಯ ಜೋಶಿ ಬಂದರು. (ಎರಡು ಸಲ ಕೇಳಿದವರಲ್ಲಿ ಒಬ್ಬರು. ಗೋಡೆ ಬದಲಾಗಿದ್ದರಿಂದ ಧೈರ್ಯ ಮಾಡಿದ್ದರು.) ನೋಡಿದವರೇ ಮರಾಠಿಯಲ್ಲಿ ಹಡಗಿನ ಕ್ಷೇಮ ವಿಚಾರಿಸಿದರು. "ಅಹೋ, ಜಹಾಜ್ ಕುಠೆ ಗೇಲಂ?" ಅದೇ ಫಾರಿನ್ ಥರ ಕಾಣುತ್ತಿತ್ತು, ಈ ಮೊಲ ಯಾಕೋ ಇಲ್ಲಿನದೇ ಅನ್ನಿಸುತ್ತದೆ ಎಂದರು.

ನಾನು ಬಿಡುತ್ತೇನೆಯೇ? ಶುರು ಮಾಡಿದೆ. ಮೆಟ್ಟಿಲ ಓಣಿ, ಮುದುಕ, ಸೆರಗು ಮುಟ್ಟಿದ ಅಜ್ಜಿ. "ಮೊಲ ಎರಡನೇ ಶೆಲ್ಫಿನಲ್ಲಿತ್ತು, ಎಡಗಡೆಯಿಂದ ಮೂರನೆಯದು. ಕಿಟಕಿಯ ಬಿಸಿಲು ಸರಿಯಾಗಿ ಅದರ ಕಿವಿಯ ಮೇಲೆ ಬಿದ್ದಿತ್ತು. ಈಗಲೂ ಕಣ್ಣಿಗೆ ಕಟ್ಟಿದಂತಿದೆ ಜೋಶಿಯವರೇ!" ನಿಜಕ್ಕೂ ಕಟ್ಟಿದಂತಿತ್ತು. ಹಡಗು ಹುಡುಕಿದರೂ ನೆನಪಿನಲ್ಲಿ ಸಿಗಲಿಲ್ಲ.

ಒಲೆಯ ಮುಂದಿನಿಂದ ವಿಮಲಾ ತಿರುಗಿ ನೋಡಿದಳು, ಥೇಟ್ ಮೊಲದ ಹಾಗೆ.

"ಶೆಲ್ಫ್ ಎಲ್ಲಿತ್ತರಿ? ನೆಲದ ಮ್ಯಾಲ ರಾಶಿ ಹಾಕಿದ್ದ. ಕಿಟಕಿನೂ ಇರ್ಲಿಲ್ಲ."

ನೀವೇ ಹೇಳಿ, ಆ ಊರಿಗೆ ಹೋಗಿದ್ದು ಯಾರು?